ಗಿಳಿ ಕಿರುಚುವುದು ಯಾಕೆ?

ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಸಾಕಿದ ಗಿಳಿ ಉಂಟಾ? ಇದ್ದರೆ ಈ ದೂರುಗಳನ್ನು ನೀವು ಕೇಳಿಯೇ ಇರುತ್ತೀರಿ. "ಬೆಳಿಗ್ಗೆ ಆರು ಗಂಟೆಗೇ ಶುರು ಮಾಡ್ತದೆ, ಮಲಗಲಿಕ್ಕೆ ಬಿಡುವುದಿಲ್ಲ." "ಫೋನ್‌ನಲ್ಲಿ ಮಾತಾಡಲಿಕ್ಕೆ ಕೂತರೆ ಸಾಕು, ಕೂಗು." "ಬೆರಳು ಕೊಟ್ಟರೆ ಕಚ್ಚುತ್ತದೆ." "ತನ್ನ ಗರಿ ತಾನೇ ಕಿತ್ತು ಎದೆಯೆಲ್ಲ ಬೋಳು ಮಾಡಿಕೊಂಡಿದೆ." "ಇಡೀ ದಿನ ತಲೆ ಮೇಲೆ ಕೆಳಗೆ ಆಡಿಸ್ತಾ ಇರ್ತದೆ, ಹುಚ್ಚು ಹಿಡಿದಿದೆಯೋ ಏನೋ."

ಇದಕ್ಕೆ ದೊಡ್ಡವರು ಮಾಡುವ ಉಪಾಯಗಳೂ ನಿಮಗೆ ಗೊತ್ತು. ಪಂಜರದ ಮೇಲೆ ಬಟ್ಟೆ ಮುಚ್ಚುತ್ತಾರೆ, ಕೋಲಿನಿಂದ ಸರಳು ಬಡಿಯುತ್ತಾರೆ, ನೀರು ಎರಚುತ್ತಾರೆ, "ಸುಮ್ಮನಿರು!" ಎಂದು ಗದರುತ್ತಾರೆ. ಆ ಕ್ಷಣಕ್ಕೆ ಸುಮ್ಮನಾದ ಗಿಳಿ ಮರುದಿನ ಇನ್ನೂ ಜೋರಾಗಿ ಕೂಗುತ್ತದೆ. ಉಪಾಯ ಯಾಕೆ ಕೆಲಸ ಮಾಡುವುದಿಲ್ಲ? ಎಲ್ಲರೂ ಗಿಳಿಯ ಬಾಯಿ ಮುಚ್ಚಿಸಲು ನೋಡುತ್ತಾರೆ, ಕೂಗಿನ ಕಾರಣ ಹುಡುಕುವುದಿಲ್ಲ. ಕಾರಣ ಹುಡುಕುವುದು ವಿಜ್ಞಾನದ ಕೆಲಸ. ಅದಕ್ಕೆ ಪ್ರಯೋಗಾಲಯ ಬೇಡ. ಒಂದು ನೋಟ್‌ಬುಕ್, ಒಂದು ಗಡಿಯಾರ, ಸ್ವಲ್ಪ ತಾಳ್ಮೆ ಇದ್ದರೆ ಎಂಟನೇ ತರಗತಿಯವರೂ ಮಾಡಬಹುದು.

(ನಮ್ಮ ದೇಶದ ಹಸಿರು ಗಿಳಿಯನ್ನು ಸಾಕುವ ವಿಷಯ ಮಾತ್ರ ಬೇರೆಯೇ. ಅದಕ್ಕೆ ಕೊನೆಯಲ್ಲಿ ಬರೋಣ. ಆ ಭಾಗವನ್ನು ಓದದೆ ಬಿಡಬೇಡಿ.)

ಮೊದಲು ಕಾಡಿನ ಗಿಳಿಯನ್ನು ನೋಡೋಣ

ನಾನಿರುವ ಕಾಣಕೋಣ ಗೋವಾದ ದಕ್ಷಿಣ ತುದಿಯ ತಾಲೂಕು. ಪೋಳೆಯ ಗಡಿ ದಾಟಿದರೆ ಕಾರವಾರ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿ. ಆ ಬೆಟ್ಟದ ಸಾಲಿನಲ್ಲೇ 1968ರಲ್ಲಿ ಘೋಷಣೆಯಾದ, ಸುಮಾರು 86 ಚದರ ಕಿಲೋಮೀಟರ್ ವಿಸ್ತಾರದ ಖೋತಿಗಾಂವ್ ಅಭಯಾರಣ್ಯ ಉಂಟು. ಇಲ್ಲಿ ಗಿಳಿ ನೋಡಲಿಕ್ಕೆ ಪಂಜರ ಬೇಕಿಲ್ಲ. ಗದ್ದೆ, ತೆಂಗಿನ ತೋಟಗಳ ಮೇಲೆ ಕೊರಳಪಟ್ಟಿಯ ಹಸಿರು ಗಿಳಿ ಹಾರುತ್ತದೆ. ಕಾಡಂಚಿನಲ್ಲಿ ಗುಲಾಬಿ-ನೇರಳೆ ತಲೆಯ ಗಿಳಿ ಸಿಗುತ್ತದೆ. ಒಳಗೆ ಹೋದರೆ ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ನೀಲಿ ರೆಕ್ಕೆಯ ಮಲಬಾರ್ ಗಿಳಿ. ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡಿಕೊಂಡು ನಿದ್ದೆ ಮಾಡುವ, ಗುಬ್ಬಿಯಷ್ಟೇ ಗಾತ್ರದ ಚಿಟ್ಟುಗಿಳಿಯೂ ಈ ಕಾಡಿನದೇ. ಇಲ್ಲಿಯ ಕೊಂಕಣಿಯಲ್ಲಿ ಗಿಳಿಗೆ 'ಕೀರ್' ಅನ್ನುತ್ತಾರೆ. ನಮ್ಮ ಹಳೆಯ ಕಾವ್ಯಗಳಲ್ಲಿ ಬರುವ 'ಕೀರ' ಇದೇ.

ಇವುಗಳ ದಿನಚರಿ ಗಮನಿಸಿ. ಬೆಳಕು ಹರಿಯುವಾಗ ರಾತ್ರಿ ತಂಗಿದ ಮರದಿಂದ ಗುಂಪು ಕಟ್ಟಿಕೊಂಡು ಹೊರಡುತ್ತವೆ. ಹಾರುತ್ತ ಒಂದಕ್ಕೊಂದು ಕೂಗುತ್ತವೆ. "ನಾನು ಇಲ್ಲಿದ್ದೇನೆ, ನೀನು ಎಲ್ಲಿದ್ದೀ?" ಎಂದು ವಿಚಾರಿಸುವ ಕೂಗು ಅದು. ಇದಕ್ಕೆ ಸಂಪರ್ಕ ಕೂಗು ಎನ್ನಬಹುದು. ಆಮೇಲೆ ಹಲವು ಗಂಟೆ ಆಹಾರ ಹುಡುಕುವ ಕೆಲಸ: ಮರದಿಂದ ಮರಕ್ಕೆ ಹಾರಬೇಕು, ಕಾಯಿ ಆರಿಸಬೇಕು, ಕಾಲಲ್ಲಿ ಹಿಡಿದು ಸಿಪ್ಪೆ ಸುಲಿಯಬೇಕು, ಒಳಗಿನ ಬೀಜ ತೆಗೆಯಬೇಕು. ಗಿಳಿಯ ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವುದರಿಂದ ಅದು ನಮ್ಮ ಕೈಯ ಹಾಗೆಯೇ ಕೆಲಸ ಮಾಡುತ್ತದೆ. ಬಿಸಿಲೇರಿದಾಗ ನೆರಳಲ್ಲಿ ಕೂತು ಗರಿ ತೀಡಿಕೊಳ್ಳುತ್ತವೆ, ಜೊತೆಗಾರನ ತಲೆಯ ಗರಿಯನ್ನೂ ತೀಡುತ್ತವೆ. ಮರ ಕಡಿಯುತ್ತವೆ. ಕೊಕ್ಕಿನ ಮೇಲ್ಪದರ ನಮ್ಮ ಉಗುರಿನ ಹಾಗೆ ಕೆರಾಟಿನ್‌ನಿಂದ ಆದದ್ದು, ಸದಾ ಬೆಳೆಯುತ್ತದೆ. ಕಡಿದು ಕಡಿದೇ ಅದು ಸವೆಯಬೇಕು. ಸಂಜೆ ಮತ್ತೆ ಗಲಾಟೆ ಮಾಡುತ್ತ ತಂಗುವ ಮರಕ್ಕೆ ವಾಪಸ್. ಆಮೇಲೆ ಇಡೀ ರಾತ್ರಿ ಕತ್ತಲೆಯಲ್ಲಿ ನಿದ್ದೆ.

ಈಗ ಪಂಜರಕ್ಕೆ ಬನ್ನಿ. ಹಾರುವುದು ಇಲ್ಲ. ಗುಂಪು ಇಲ್ಲ. ಆಹಾರ ಬಟ್ಟಲಲ್ಲಿ ಸಿದ್ಧವಾಗಿದೆ, ಸ್ವಲ್ಪ ಹೊತ್ತಿನಲ್ಲಿ ತಿಂದು ಮುಗಿಯುತ್ತದೆ. ಕಡಿಯಲು ಮರವಿಲ್ಲ, ಇರುವುದು ಕಬ್ಬಿಣದ ಸರಳು. ರಾತ್ರಿ ಹನ್ನೊಂದರವರೆಗೆ ಟಿವಿ, ಲೈಟು. ಆದರೆ ಹಾರಬೇಕು, ಕೂಗಬೇಕು, ಹುಡುಕಬೇಕು, ಕಡಿಯಬೇಕು ಎನ್ನುವ ಸ್ವಭಾವವನ್ನು ಪಂಜರ ತೆಗೆದುಹಾಕುವುದಿಲ್ಲ. ಬೆಳಿಗ್ಗೆ ಆರಕ್ಕೆ ಕೂಗುವ ಗಿಳಿ ತಂಟೆ ಮಾಡುತ್ತಿಲ್ಲ, ತನ್ನ ಗುಂಪನ್ನು ಕರೆಯುತ್ತಿದೆ. ಈಗ ಅದರ ಗುಂಪು ಅಂದರೆ ನೀವೇ!

ಕೆಲಸವಿಲ್ಲದ ಮಿದುಳು

ಗಿಳಿಗಳು ಪಕ್ಷಿಗಳಲ್ಲೇ ಬುದ್ಧಿವಂತ ಗುಂಪಿಗೆ ಸೇರಿದವು. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅಂಗಡಿಯಿಂದ ಕೊಂಡು ತಂದ 'ಅಲೆಕ್ಸ್' ಎಂಬ ಆಫ್ರಿಕನ್ ಬೂದು ಗಿಳಿ ಬಣ್ಣ, ಆಕಾರಗಳನ್ನು ಗುರುತಿಸಿ ಹೆಸರು ಹೇಳುತ್ತಿತ್ತು, ಆರರವರೆಗೆ ಎಣಿಕೆ ಹೇಳುತ್ತಿತ್ತು. 2007ರಲ್ಲಿ ಅದು ಸಾಯುವ ತನಕ ಈ ಪ್ರಯೋಗಗಳು ನಡೆದವು. ಇಂಥ ಮಿದುಳಿಗೆ ದಿನವಿಡೀ ಒಂದೂ ಕೆಲಸ ಕೊಡದಿದ್ದರೆ ಏನಾಗಬಹುದು?

2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಕೇಳಿತು. ವಿಜ್ಞಾನಿಗಳು ಹಲವು ಜಾತಿಯ ಸಾವಿರಕ್ಕೂ ಹೆಚ್ಚು ಸಾಕು ಗಿಳಿಗಳ ಮಾಹಿತಿಯನ್ನು ಹೋಲಿಸಿ ನೋಡಿದರು. ಎರಡು ವಿಷಯ ಹೊರಬಂತು. ದೇಹಕ್ಕೆ ಹೋಲಿಸಿದರೆ ಮಿದುಳು ದೊಡ್ಡದಿರುವ ಜಾತಿಗಳಲ್ಲಿ ಒಂದೇ ಚಲನೆಯನ್ನು ಉದ್ದೇಶವಿಲ್ಲದೆ ಮತ್ತೆ ಮತ್ತೆ ಮಾಡುವ ಚಾಳಿ ಹೆಚ್ಚು. ಸಿಪ್ಪೆ ಸುಲಿಯುವುದು, ಕಾಯಿ ಒಡೆಯುವುದು ಮುಂತಾದ ಶ್ರಮ ಬೇಡುವ ಆಹಾರವನ್ನು ಕಾಡಿನಲ್ಲಿ ತಿನ್ನುವ ಜಾತಿಗಳಲ್ಲಿ ಗರಿ ಹಾಳು ಮಾಡಿಕೊಳ್ಳುವ ಚಾಳಿ ಹೆಚ್ಚು. ಅಂದರೆ ತಲೆ ಆಡಿಸುತ್ತಲೇ ಇರುವ ಗಿಳಿಗೆ ಹುಚ್ಚು ಹಿಡಿದಿಲ್ಲ. ಸರಪಳಿ ಹಾಕಿದ ಆನೆ ನಿಂತಲ್ಲೇ ತೂಗಾಡುವುದನ್ನು, ಬೋನಿನ ಕರಡಿ ಅತ್ತಿಂದಿತ್ತ ತಿರುಗುವುದನ್ನು ನೋಡಿದ್ದೀರಲ್ಲ, ಇದೂ ಅದೇ ಜಾತಿಯ ತೊಂದರೆ.

ಯಾರು ಯಾರಿಗೆ ಕಲಿಸಿದ್ದು?

ಕಾರಣದ ಇನ್ನರ್ಧ ನಮ್ಮ ಕಡೆಯೇ ಇದೆ. ಜಾತ್ರೆಯಲ್ಲಿ ಗಿಳಿಶಾಸ್ತ್ರದವರನ್ನು ನೋಡಿರಬಹುದು. ಗಿಳಿ ಗೂಡಿನಿಂದ ಹೊರಬಂದು ಒಂದು ಕಾರ್ಡ್ ಎತ್ತಿಕೊಡುತ್ತದೆ, ಆತ ಒಂದು ಕಾಳು ಕೊಡುತ್ತಾನೆ, ಅದು ಒಳಗೆ ಹೋಗುತ್ತದೆ. ಅದಕ್ಕೆ ನಿಮ್ಮ ಭವಿಷ್ಯವೂ ಗೊತ್ತಿಲ್ಲ, ನನ್ನದೂ ಗೊತ್ತಿಲ್ಲ. ಕಾರ್ಡ್ ಎತ್ತಿದರೆ ಕಾಳು ಸಿಗುತ್ತದೆ, ಅಷ್ಟೇ ಗೊತ್ತು. ಒಂದು ಕೆಲಸದ ಬೆನ್ನಿಗೇ ಬೇಕಾದದ್ದು ಸಿಕ್ಕರೆ ಆ ಕೆಲಸ ಹೆಚ್ಚುತ್ತದೆ. ಇದನ್ನು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ವಿವರಿಸಿದರು. ಇದಕ್ಕೆ ಪುನರ್ಬಲನ ಎಂದು ಹೆಸರು.

ಈಗ ಮನೆಯ ಗಿಳಿಯನ್ನು ನೋಡಿ. ಸುಮ್ಮನೆ ಕೂತಾಗ ಯಾರೂ ಅದರ ಕಡೆ ತಿರುಗುವುದಿಲ್ಲ. ಕಿರುಚಿದ ತಕ್ಷಣ ಅಮ್ಮ ಅಡುಗೆಮನೆಯಿಂದ ಓಡಿ ಬರುತ್ತಾರೆ, ಅಣ್ಣ ಗದರುತ್ತಾನೆ, ಯಾರೋ ಒಂದು ತುಂಡು ಹಣ್ಣು ಹಾಕುತ್ತಾರೆ. ಗದರುವುದು ನಮಗೆ ಶಿಕ್ಷೆ, ಒಂಟಿ ಗಿಳಿಗೆ ಅದು ಸಹವಾಸ! ಗುಂಪು ಉತ್ತರ ಕೊಟ್ಟಿತಲ್ಲ? ಹೀಗೆ ದಿನಾ ಹತ್ತು ಸಲ ನಾವೇ ಅದಕ್ಕೆ ಕಿರುಚುವ ತರಬೇತಿ ಕೊಡುತ್ತಿದ್ದೇವೆ.

2020ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್ ವನ್ಯಜೀವಿ ಉದ್ಯಾನಕ್ಕೆ ಬಂದ ಐದು ಬೂದು ಗಿಳಿಗಳು ಕೆಟ್ಟ ಬೈಗುಳ ಬೈಯುತ್ತಿದ್ದವು. ಕೇಳಿದವರು ನಗುತ್ತಿದ್ದರು. ನಕ್ಕಷ್ಟೂ ಬೈಗುಳ ಹೆಚ್ಚಾಯಿತು. ಕೊನೆಗೆ ಉದ್ಯಾನದವರು ಅವುಗಳನ್ನು ಬೇರೆ ಬೇರೆ ಮಾಡಿ ಜನರ ಕಣ್ಣಿನಿಂದ ದೂರ ಇಡಬೇಕಾಯಿತು. ಅವಕ್ಕೆ ಯಾರೂ ಕಾಳು ಕೊಡಲಿಲ್ಲ. ನಗುವೇ ಕಾಳಿನ ಕೆಲಸ ಮಾಡಿತು. ನಿಮ್ಮ ಮನೆಯ ಗಿಳಿ ಕುಕ್ಕರ್ ಸೀಟಿ, ಫೋನ್ ರಿಂಗ್‌ಟೋನ್ ಅನುಕರಿಸುವುದೂ ಹೀಗೆಯೇ. ಆ ಶಬ್ದ ಬಂದಾಗಲೆಲ್ಲ ಮನುಷ್ಯರು ಎದ್ದು ಓಡುವುದನ್ನು ಅದು ನೋಡಿದೆ.

ಸ್ಕಿನ್ನರ್ ಕಂಡುಕೊಂಡ ಇನ್ನೊಂದು ಮಾತು ಬಹಳ ಮುಖ್ಯ. ಪ್ರತಿ ಸಲ ಸಿಗುವ ಬಹುಮಾನಕ್ಕಿಂತ ಯಾವಾಗಲೋ ಒಮ್ಮೆ ಸಿಗುವ ಬಹುಮಾನ ಚಾಳಿಯನ್ನು ಗಟ್ಟಿ ಮಾಡುತ್ತದೆ. ಒಂಬತ್ತು ಸಲ ಸುಮ್ಮನಿದ್ದು ಹತ್ತನೆಯ ಸಲ ತಡೆಯಲಾರದೆ ಓಡಿ ಹೋದರೆ, "ಹತ್ತು ಸಲ ಕೂಗಿದರೆ ಬರುತ್ತಾರೆ" ಎಂದು ಗಿಳಿ ಕಲಿಯುತ್ತದೆ. ಹಾಗೆಯೇ, ಉತ್ತರ ಕೊಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಕೂಗು ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ಟಿವಿ ರಿಮೋಟ್ ಕೆಲಸ ಮಾಡದಿದ್ದರೆ ನೀವು ಏನು ಮಾಡ್ತೀರಿ? ಅದೇ ಬಟನ್ನನ್ನು ಇನ್ನೂ ಜೋರಾಗಿ ಒತ್ತುತ್ತೀರಿ. ಗಿಳಿಯೂ ಅಷ್ಟೇ. ಇಲ್ಲೇ ಹೆಚ್ಚಿನವರು ಸೋಲುವುದು.

ಒಂದೊಂದಾಗಿ ಪರಿಹಾರ

ಕಿರುಚುವುದು: ಬೆಳಿಗ್ಗೆ, ಸಂಜೆ ಹತ್ತು-ಹದಿನೈದು ನಿಮಿಷದ ಕೂಗು ಸಹಜ. ಅದನ್ನು ನಿಲ್ಲಿಸಲು ಹೋಗಬೇಡಿ. ಉಳಿದ ಹೊತ್ತಿನಲ್ಲಿ ಅದು ಸುಮ್ಮನಿರುವಾಗ, ಮೆಲ್ಲಗೆ ಮಾತಾಡುವಾಗ ಹತ್ತಿರ ಹೋಗಿ ಮಾತಾಡಿಸಿ, ಒಂದು ಕಾಳು ಕೊಡಿ. ಪಕ್ಕದ ಕೋಣೆಯಿಂದ ಕರೆದರೆ ಒಂದು ಚಿಕ್ಕ ಸಿಳ್ಳೆ ಹಾಕಿ ಉತ್ತರಿಸಿ. ಕೆಲವು ದಿನಗಳಲ್ಲಿ ಅದೂ ಸಿಳ್ಳೆಯಿಂದಲೇ ಕರೆಯಲು ಕಲಿಯಬಹುದು. ಕಿರುಚಿದಾಗ ಮಾತ್ರ ನೋಡಬೇಡಿ, ಮಾತಾಡಬೇಡಿ. ಮನೆಯವರೆಲ್ಲರೂ ಒಂದೇ ನಿಯಮ ಪಾಲಿಸಬೇಕು.

ಕಚ್ಚುವುದು: ಗಿಳಿ ಕಚ್ಚುವ ಮೊದಲು ಹೇಳಿಯೇ ಕಚ್ಚುತ್ತದೆ. ಕಣ್ಣಿನ ಪಾಪೆ ಕಿರಿದು, ಹಿರಿದು, ಮತ್ತೆ ಕಿರಿದು ಆಗುತ್ತದೆ. ಬಾಲದ ಗರಿ ಬಿಚ್ಚಿಕೊಳ್ಳುತ್ತದೆ, ಕತ್ತಿನ ಗರಿ ನಿಮಿರುತ್ತದೆ, ಅಥವಾ ಹೆದರಿ ಹಿಂದೆ ಸರಿಯುತ್ತದೆ. ಇದನ್ನು ನೋಡಿದರೆ ಕೈ ಮುಂದೆ ಮಾಡಬೇಡಿ. ಕೊಕ್ಕಿಗೆ ಬೆರಳಿನಿಂದ ಹೊಡೆಯುವವರಿದ್ದಾರೆ. ಅದರಿಂದ ಗಿಳಿ ಕೈಯನ್ನು ಶತ್ರು ಎಂದು ಕಲಿಯುತ್ತದೆ, ಮುಂದಿನ ಸಲ ಎಚ್ಚರಿಕೆ ಕೊಡದೆಯೇ ಕಚ್ಚುತ್ತದೆ.

ಗರಿ ಕೀಳುವುದು: ಮೊದಲು ಒಂದು ಪತ್ತೇದಾರಿ ಕೆಲಸ. ತಲೆಯ ಗರಿ ಹೇಗಿದೆ ನೋಡಿ. ಎದೆ, ಹೊಟ್ಟೆ ಬೋಳಾಗಿದ್ದು ತಲೆಯ ಗರಿ ಮಾತ್ರ ಸರಿಯಾಗಿದ್ದರೆ ಗಿಳಿಯೇ ಕೀಳುತ್ತಿರುವ ಸಾಧ್ಯತೆ ಹೆಚ್ಚು. ತನ್ನ ತಲೆಗೆ ತನ್ನ ಕೊಕ್ಕು ಎಟಕುವುದಿಲ್ಲವಲ್ಲ! ತಲೆಯೂ ಬೋಳಾಗಿದ್ದರೆ ರೋಗ ಇರಬಹುದು, ಅಥವಾ ಜೊತೆಯ ಹಕ್ಕಿ ಕೀಳುತ್ತಿರಬಹುದು. ಎರಡರಲ್ಲಿ ಯಾವುದಾದರೂ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಚರ್ಮದ ಸೋಂಕು, ಹುಳ, ಯಕೃತ್ತಿನ ತೊಂದರೆ, ಆಹಾರದ ಕೊರತೆ, ಹೊಗೆ ಎಲ್ಲವೂ ಕಾರಣ ಆಗಬಹುದು. ಅವು ಯಾವುದೂ ಇಲ್ಲ ಎಂದಾದ ಮೇಲೆ ಬೇಸರ, ಒಂಟಿತನದ ಕಡೆ ನೋಡಬೇಕು.

"ಮೆಣಸಿನ ನೀರು ಹಚ್ಚಿ, ಖಾರಕ್ಕೆ ಬಿಡ್ತದೆ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಮ್ಮ ತಾಲೂಕಿನ ಖೋಲಾ ಮೆಣಸಿಗೆ ಜಿಐ ಮಾನ್ಯತೆಯೇ ಸಿಕ್ಕಿದೆ. ಆದರೆ ಆ ಮೆಣಸನ್ನೂ ಗಿಳಿ ಆರಾಮಾಗಿ ತಿನ್ನುತ್ತದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನರಗಳ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಪ್ರಚೋದಿಸುತ್ತದೆ. ಹಕ್ಕಿಗಳ ಗ್ರಾಹಕದ ರಚನೆ ಸ್ವಲ್ಪ ಬೇರೆ, ಅದಕ್ಕೆ ಕ್ಯಾಪ್ಸೈಸಿನ್ ತಾಗುವುದೇ ಇಲ್ಲ ಎನ್ನಬಹುದು. ಈ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಮೆಣಸಿನ ನೀರಿನಿಂದ ಉರಿಯುವುದು ಹಚ್ಚಿದ ನಿಮ್ಮ ಕೈ ಮಾತ್ರ!

ಕನ್ನಡಿಯ ಎದುರು ಉಗುಳುವುದು: ತಿಂದದ್ದನ್ನು ಹೊರತಂದು ಕನ್ನಡಿಗೋ ಆಟಿಕೆಗೋ ಮೆತ್ತುವುದು ಕಾಯಿಲೆಯೇ ಆಗಿರಬೇಕೆಂದಿಲ್ಲ. ಗಿಳಿಗಳು ಜೊತೆಗಾತಿಗೆ ಹೀಗೆ ಗುಟುಕು ಕೊಡುತ್ತವೆ. ಕನ್ನಡಿಯ ಬಿಂಬವನ್ನು ಅದು ಸಂಗಾತಿ ಎಂದುಕೊಂಡಿದೆ. ಕನ್ನಡಿ ತೆಗೆಯಿರಿ, ರಾತ್ರಿ ಹತ್ತು-ಹನ್ನೆರಡು ಗಂಟೆ ಕತ್ತಲೆ, ನಿಶ್ಶಬ್ದ ಸಿಗುವಂತೆ ಮಾಡಿ. ತಲೆ ಒದರಿ ವಾಂತಿ ಮಾಡುತ್ತ ಮಂಕಾಗಿ ಕೂತರೆ ಮಾತ್ರ ತಡ ಮಾಡದೆ ವೈದ್ಯರ ಬಳಿ ಹೋಗಿ.

ಎಲ್ಲದಕ್ಕೂ ಸೇರಿ ಒಂದು ಮದ್ದು: ಗಿಳಿಗೆ ಕೆಲಸ ಕೊಡಿ. ಆಟಿಕೆ ಕೊಳ್ಳಬೇಕಿಲ್ಲ. ಕಾಳನ್ನು ಬಾಳೆ ಎಲೆಯಲ್ಲಿ ಸುತ್ತಿ ದಾರವಿಲ್ಲದೆ ಸಿಕ್ಕಿಸಿ. ತೆಂಗಿನ ಸಿಪ್ಪೆಯ ನಾರಿನೊಳಗೆ ಹಣ್ಣಿನ ಚೂರು ಅಡಗಿಸಿ. ಅಡಿಕೆ ಹಾಳೆಯ ತುಂಡು, ಪೇರಲ ಮರದ ಹಸಿ ಕೊಂಬೆ ತೂಗುಹಾಕಿ, ಸಿಗಿದು ಹಾಕಲಿ. ಬರೀ ಸೂರ್ಯಕಾಂತಿ ಬೀಜ ಹಾಕಿದರೆ ಎ ಜೀವಸತ್ವದ ಕೊರತೆ ಆಗುತ್ತದೆ. ಹರಿವೆ, ನುಗ್ಗೆಸೊಪ್ಪು, ಗಜ್ಜರಿ, ಪಪ್ಪಾಯಿ ಕೊಡಿ. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಉಪ್ಪಿನ ತಿಂಡಿ ಬೇಡವೇ ಬೇಡ. ಪಂಜರ ಅಡುಗೆಮನೆಯಲ್ಲಿ ಇರಬಾರದು. ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದರೆ ಬರುವ ಅನಿಲ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು.

ಎರಡು ವಾರದ ಪ್ರಯೋಗ

ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ: ಗಂಟೆ, ಮೊದಲು ಏನಾಯಿತು, ಗಿಳಿ ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಮೊದಲ ವಾರ ಏನನ್ನೂ ಬದಲಾಯಿಸಬೇಡಿ, ಬರೆಯುತ್ತ ಹೋಗಿ. ಒಂದು ಸಾಲು ಹೀಗಿರಬಹುದು: "ಸಂಜೆ 4:10. ಅಪ್ಪ ಫೋನ್ ಎತ್ತಿದರು. 3 ನಿಮಿಷ ಕಿರುಚಿತು. ಅಪ್ಪ ಬಿಸ್ಕತ್ತು ಕೊಟ್ಟರು." ಇಂಥ ಸಾಲು ನಾಲ್ಕು ಸಲ ಬಂದರೆ ಕಾರಣ ನಿಮಗೇ ಕಾಣುತ್ತದೆ.

ಎರಡನೆಯ ವಾರ ಒಂದೇ ಒಂದು ವಿಷಯ ಬದಲಿಸಿ. ಫೋನ್ ಬರುವ ಮೊದಲೇ ಬಾಳೆ ಎಲೆಯ ಪೊಟ್ಟಣ ಕೊಡುವುದು ಎಂದಿಟ್ಟುಕೊಳ್ಳಿ. ಆಹಾರ, ಜಾಗ, ನಿದ್ದೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣ ಬಂತು ಎಂದು ಗೊತ್ತಾಗುವುದಿಲ್ಲ. ಚರಾಂಶ ಒಂದೇ ಇರಬೇಕು ಎಂದು ತರಗತಿಯಲ್ಲಿ ಹೇಳುತ್ತೇವಲ್ಲ, ಅದೇ. ಎರಡೂ ವಾರದ ಕೂಗಿನ ನಿಮಿಷಗಳನ್ನು ಕೂಡಿಸಿ ಸ್ತಂಭಾಲೇಖ ಎಳೆಯಿರಿ.

ಹಸಿರು ಗಿಳಿಯ ಪ್ರಶ್ನೆ

ಈಗ ಕೊನೆಯ, ಆದರೆ ಎಲ್ಲಕ್ಕಿಂತ ದೊಡ್ಡ ಮಾತು. ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಪುಟ್ಟ ಬಣ್ಣದ ಹಕ್ಕಿಗಳು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜ್ರಿಗಾರ್. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಇಂಥ ವಿದೇಶಿ ಜಾತಿಗಳನ್ನು ಸಾಕಬಹುದು. ಆದರೆ ಆಫ್ರಿಕನ್ ಬೂದು ಗಿಳಿ, ಮಕಾವ್, ಕಾಕಟೂ ಮುಂತಾದವನ್ನು ಸಾಕುವವರು 2024ರ ನಿಯಮದ ಪ್ರಕಾರ ಸರಕಾರದಲ್ಲಿ ನೋಂದಾಯಿಸಬೇಕು.

ನಮ್ಮ ದೇಶದ ಗಿಳಿಗಳ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೊರಳಪಟ್ಟಿಯ ಗಿಳಿಯನ್ನಾಗಲಿ, ನೇರಳೆ ತಲೆಯದನ್ನಾಗಲಿ ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ಜೈಲು, ದಂಡ ಎರಡಕ್ಕೂ ಅವಕಾಶ ಉಂಟು. "ಎಲ್ಲರ ಮನೆಯಲ್ಲೂ ಇದೆಯಲ್ಲ" ಎನ್ನುವುದು ಉತ್ತರವಲ್ಲ. ಪೊಟರೆಯಿಂದ ಕದ್ದ ಪ್ರತಿ ಮರಿಯ ಹಿಂದೆ ಒಂದು ಹಾಳಾದ ಗೂಡು ಇರುತ್ತದೆ. ಈ ಗಿಳಿಗಳು ತಾವೇ ಮರ ಕೊರೆದು ಗೂಡು ಮಾಡುವುದು ಕಡಿಮೆ. ಮರಕುಟಿಗ ಬಿಟ್ಟುಹೋದ ತೂತೋ ಹಳೆಯ ಮರದ ಪೊಟರೆಯೋ ಸಿಗಬೇಕು. ಮರಿ ತೆಗೆಯಲು ಆ ಕೊಂಬೆಯನ್ನೇ ಕಡಿದರೆ ಮುಂದಿನ ವರ್ಷದ ಗೂಡೂ ಹೋಯಿತು.

ಇದನ್ನು ಹೇಳಿದಾಗ ತರಗತಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹಾಗಾದರೆ ಇವತ್ತೇ ಪಂಜರದ ಬಾಗಿಲು ತೆಗೆದು ಬಿಟ್ಟುಬಿಡಲಾ?" ಬೇಡ. ಮರಿಯಿಂದಲೇ ಮನೆಯಲ್ಲಿ ಬೆಳೆದ ಗಿಳಿಗೆ ಆಹಾರ ಹುಡುಕಲು ಗೊತ್ತಿಲ್ಲ, ಗಿಡುಗ, ಬೆಕ್ಕಿನ ಭಯ ಗೊತ್ತಿಲ್ಲ. ವರ್ಷಗಟ್ಟಲೆ ಹಾರದ ಸ್ನಾಯುಗಳಿಗೆ ಶಕ್ತಿ ಇರುವುದಿಲ್ಲ. ರೆಕ್ಕೆ ಕತ್ತರಿಸಿದ್ದರಂತೂ ಮುಗಿಯಿತು. 2022ರ ಜುಲೈನಲ್ಲಿ ತುಮಕೂರಿನ ಮನೆಯೊಂದರಿಂದ ರುಸ್ತುಮ ಎಂಬ ಆಫ್ರಿಕನ್ ಬೂದು ಗಿಳಿ ಹಾರಿಹೋದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಮನೆಯವರು ಊರೆಲ್ಲ ಪೋಸ್ಟರ್ ಹಚ್ಚಿ 50,000 ರೂಪಾಯಿ ಬಹುಮಾನ ಘೋಷಿಸಿದರು. ಸಿಕ್ಕಾಗ ತಂದುಕೊಟ್ಟವರಿಗೆ 85,000 ರೂಪಾಯಿ ಕೊಟ್ಟರು. ಅಷ್ಟು ಹುಡುಕುವವರಿದ್ದ ಗಿಳಿ ಅದು. ನಾವೇ ಹೊರಗೆ ಬಿಟ್ಟ ಗಿಳಿಯನ್ನು ಯಾರು ಹುಡುಕುತ್ತಾರೆ?

ಸರಿಯಾದ ದಾರಿ, ಮನೆಯ ದೊಡ್ಡವರ ಜೊತೆ ಮಾತಾಡಿ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸುವುದು. ಬಿಡಬಹುದಾದ ಹಕ್ಕಿಯನ್ನು ಅಭ್ಯಾಸ ಮಾಡಿಸಿ ಬಿಡುವುದು, ಬಿಡಲಾಗದ್ದನ್ನು ನೋಡಿಕೊಳ್ಳುವುದು ತಿಳಿದವರ ಕೆಲಸ. ಅದನ್ನು ಒಪ್ಪಿಸುವ ದಿನದ ತನಕ ಮೇಲೆ ಹೇಳಿದ್ದೆಲ್ಲ ಆ ಗಿಳಿಗೂ ಬೇಕು. ನಿಮಗೆ ಕೊಂಚ ಅಳು ಬರಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಹೊಸದೊಂದು ಹಸಿರು ಮರಿಯನ್ನು ಯಾರಾದರೂ ತಂದರೆ "ನಮಗೆ ಬೇಡ" ಎಂದು ಮೊದಲು ಹೇಳುವವರು ನೀವೇ ಆಗಿರಿ.

ಮಾಡಿ ನೋಡಿ

ಒಂದು ವಾರ, ದಿನಾ ಸಂಜೆ ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಮನೆಯ ಅಂಗಳದಲ್ಲೋ ಟೆರೇಸಿನಲ್ಲೋ ಒಂದೇ ಜಾಗದಲ್ಲಿ ನಿಲ್ಲಿ. ಎಷ್ಟು ಗಿಳಿಗಳು, ಎಷ್ಟು ಗಂಟೆಗೆ, ಯಾವ ದಿಕ್ಕಿಗೆ ಹಾರಿದವು ಬರೆಯಿರಿ. ನೆರೆಮನೆಯಲ್ಲಿ ಪಂಜರದ ಗಿಳಿ ಇದ್ದರೆ ಅದು ಕೂಗಿದ ಗಂಟೆಯನ್ನೂ ಪಕ್ಕದಲ್ಲಿ ಬರೆಯಿರಿ. ಎರಡೂ ಕಾಲಂಗಳನ್ನು ಹೋಲಿಸಿ ನೋಡಿ, ನಿಮ್ಮ ವಿಜ್ಞಾನ ಟೀಚರ್‌ಗೂ ತೋರಿಸಿ. ಆಕಾಶದ ಗುಂಪು ಹಾರುವ ಹೊತ್ತು ಮತ್ತು ಪಂಜರದ ಗಿಳಿ ಕಿರುಚುವ ಹೊತ್ತು ಒಂದೇ ಆಗಿದ್ದರೆ, ಅದು ಯಾರನ್ನು ಕರೆಯುತ್ತಿದೆ ಎಂದು ತರಗತಿಯಲ್ಲಿ ಚರ್ಚಿಸಿ.